ಅವರ ಪರವಾಗಿ, ಅವರನ್ನು ಕೇಳದೆ

1840ರ ಜೂನ್ ತಿಂಗಳು. ಲಂಡನ್ನಿನಲ್ಲಿ ಗುಲಾಮಗಿರಿಯ ವಿರುದ್ಧ ವಿಶ್ವ ಸಮ್ಮೇಳನ. ಅಮೆರಿಕದಿಂದ ಹಡಗು ಹತ್ತಿ ಸಮುದ್ರ ದಾಟಿ ಬಂದ ಪ್ರತಿನಿಧಿಗಳೂ ಇದ್ದಾರೆ. ಮೊದಲ ದಿನವೇ ಜಗಳ ಶುರುವಾಯಿತು. ಬಂದ ಪ್ರತಿನಿಧಿಗಳಲ್ಲಿ ಕೆಲವರು ಹೆಂಗಸರು. ಅವರನ್ನು ಸಭೆಯಲ್ಲಿ ಪ್ರತಿನಿಧಿಗಳಾಗಿ ಕೂರಿಸಬೇಕಾ, ಬೇಡವಾ? ಗಂಟೆಗಟ್ಟಲೆ ವಾದ ನಡೆದು ಕೊನೆಗೆ ಬೇಡ ಅಂತ ಭಾರೀ ಬಹುಮತ ಬಂತು. ಹೆಂಗಸರು ಒಂದು ಬದಿಯಲ್ಲಿ ಕೂತು ಕೇಳಿಸಿಕೊಳ್ಳಬಹುದು. ಮಾತಾಡುವ ಹಾಗಿಲ್ಲ, ಮತ ಹಾಕುವ ಹಾಗಿಲ್ಲ.

ಅಮೆರಿಕದ ಹೋರಾಟದ ದೊಡ್ಡ ಮುಖಂಡ ವಿಲಿಯಂ ಲಾಯ್ಡ್ ಗ್ಯಾರಿಸನ್ ಲಂಡನ್ ಸೇರಿದ್ದು ತಡವಾಗಿ. ಅಷ್ಟರಲ್ಲಿ ಈ ತೀರ್ಮಾನ ಆಗಿಹೋಗಿತ್ತು. ಅವರು ವೇದಿಕೆ ಕಡೆ ಹೋಗಲೇ ಇಲ್ಲ. ಸೀದಾ ಹೆಂಗಸರು ಕೂತಿದ್ದ ಜಾಗಕ್ಕೆ ಹೋಗಿ ಕೂತರು. ಎಷ್ಟು ಕರೆದರೂ ಏಳಲಿಲ್ಲ, ಭಾಷಣ ಮಾಡಲಿಲ್ಲ. ಚಾರ್ಲ್ಸ್ ಲೆನಾಕ್ಸ್ ರೆಮಂಡ್ ಅನ್ನುವ ಕಪ್ಪು ಹೋರಾಟಗಾರರೂ ಅವರ ಜೊತೆ ಅಲ್ಲೇ ಕೂತರು.

ಈ ಘಟನೆ ನನ್ನನ್ನು ತುಂಬಾ ಕಾಡುವುದಕ್ಕೆ ಒಂದು ಕಾರಣವಿದೆ. ಆ ಸಭೆಯಲ್ಲಿ ಕೂತವರು ಕೆಟ್ಟ ಜನ ಅಲ್ಲ. ಇನ್ನೊಬ್ಬರ ಬಿಡುಗಡೆಗಾಗಿ ಬದುಕಿನ ಎಷ್ಟೋ ವರ್ಷ ಕೊಟ್ಟವರು, ಬೈಸಿಕೊಂಡವರು, ಕಲ್ಲೇಟು ತಿಂದವರೂ ಇದ್ದರು. ಅನ್ಯಾಯ ಎಲ್ಲಿದೆ ಅಂತ ನಮಗೆ ಚೆನ್ನಾಗಿ ಗೊತ್ತು ಅನ್ನುವ ನಂಬಿಕೆ ಅವರಿಗೆ ಎಷ್ಟು ಗಟ್ಟಿಯಾಗಿತ್ತು ಅಂದರೆ, ಪಕ್ಕದಲ್ಲೇ ತಾವು ಮಾಡುತ್ತಿದ್ದ ಇನ್ನೊಂದು ಅನ್ಯಾಯ ಕಣ್ಣಿಗೆ ಬೀಳಲಿಲ್ಲ. ಒಳ್ಳೆಯ ಕೆಲಸ ಮಾಡುವವರ ಕಿವಿ ಸ್ವಲ್ಪ ಬೇಗ ಮಂದವಾಗುತ್ತದೆ ಅಂತ ನನಗೆ ಅನ್ನಿಸುತ್ತದೆ. ತಾನು ಸರಿಯಾದ ಕಡೆ ನಿಂತಿದ್ದೇನೆ ಅನ್ನುವ ಸಮಾಧಾನ ಇದ್ದಾಗ ಮತ್ತೆ ಯಾರನ್ನಾದರೂ ಕೇಳಬೇಕು ಅಂತ ಯಾಕೆ ಅನ್ನಿಸಬೇಕು, ಅಲ್ವಾ?

ಗುಂಪು ಕಟ್ಟಿಕೊಂಡು ದನಿ ಎತ್ತುವ ಕೆಲಸದಲ್ಲಿ ವಿನಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕೈ ಮುಗಿಯುವುದು, ಮೆಲ್ಲಗೆ ಮಾತಾಡುವುದು, 'ನಾನೇನೂ ದೊಡ್ಡವನಲ್ಲ' ಅಂತ ಭಾಷಣ ಶುರು ಮಾಡುವುದು. ಇದನ್ನೆಲ್ಲ ಯಾರು ಬೇಕಾದರೂ ಮಾಡಬಹುದು. ನಿಜವಾಗಿ ಕೇಳಿಸಿಕೊಂಡರು ಅನ್ನುವುದಕ್ಕೆ ನಾನು ಒಪ್ಪುವ ಗುರುತು ಒಂದೇ. ಸಭೆಗೆ ಬರುವಾಗ ಕೈಯಲ್ಲಿದ್ದ ಬೇಡಿಕೆ ಪಟ್ಟಿ ಸಭೆ ಮುಗಿದ ಮೇಲೆ ಬದಲಾಗಿದೆಯಾ? ಎಷ್ಟೇ ಸಭೆ ಮಾಡಿದರೂ ಪಟ್ಟಿ ಹಾಗೇ ಉಳಿದಿದ್ದರೆ ಅದು ಸಹಿ ಹಾಕಿಸಿಕೊಳ್ಳುವ ಕಾರ್ಯಕ್ರಮ, ಅಷ್ಟೇ.

ಸೊಜರ್ನರ್ ಟ್ರೂತ್ ಅವರ ಕತೆ ನೋಡಿ. ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದ ಕಪ್ಪು ಹೆಂಗಸು. 1851ರಲ್ಲಿ ಓಹಾಯೋದ ಆಕ್ರನ್‌ನಲ್ಲಿ ನಡೆದ ಮಹಿಳಾ ಹಕ್ಕುಗಳ ಸಮಾವೇಶದಲ್ಲಿ ಅವರು ಮಾತಾಡಿದರು. ಕೆಲವೇ ವಾರಗಳಲ್ಲಿ ಆ ಭಾಷಣದ ವರದಿ ಒಂದು ಪತ್ರಿಕೆಯಲ್ಲಿ ಬಂತು. ಸರಳವಾದ, ನೇರವಾದ ಮಾತು. ಆದರೆ ಜಗತ್ತು ನೆನಪಿಟ್ಟುಕೊಂಡದ್ದು ಆ ವರದಿಯನ್ನಲ್ಲ. ಆ ಸಭೆಯ ಅಧ್ಯಕ್ಷತೆ ವಹಿಸಿದ್ದ ಫ್ರಾನ್ಸಿಸ್ ಗೇಜ್ 1863ರಲ್ಲಿ ನೆನಪಿನಿಂದ ಬರೆದ ಇನ್ನೊಂದು ರೂಪ ಮನೆಮಾತಾಯಿತು. ಅದರಲ್ಲಿ ಟ್ರೂತ್ ದಕ್ಷಿಣದ ತೋಟದ ಗುಲಾಮರ ಆಡುಮಾತಿನಲ್ಲಿ ಮಾತಾಡುತ್ತಾರೆ. ನಿಜಕ್ಕೂ ಅವರು ಹುಟ್ಟಿದ್ದು ಉತ್ತರದ ನ್ಯೂಯಾರ್ಕ್ ರಾಜ್ಯದಲ್ಲಿ, ಮೊದಲು ಕಲಿತ ಭಾಷೆ ಡಚ್. ಗೇಜ್ ಬರೆದದ್ದರಲ್ಲಿ ಅವರಿಗೆ ಹದಿಮೂರು ಮಕ್ಕಳು. ಇದ್ದದ್ದು ಐದು. ಮತ್ತೆ ಮತ್ತೆ ಬರುವ ಆ ಪ್ರಸಿದ್ಧ ಪ್ರಶ್ನೆ, 'ನಾನು ಹೆಂಗಸಲ್ಲವೇ' ಅನ್ನುವುದು, ಮೊದಲ ವರದಿಯಲ್ಲಿ ಎಲ್ಲೂ ಇಲ್ಲ.

ಗೇಜ್ ಅವರಿಗೆ ಟ್ರೂತ್ ಮೇಲೆ ಅಭಿಮಾನವಿತ್ತು. ಆ ಮಾತಿಗೆ ಇನ್ನಷ್ಟು ಬಲ ಬರಲಿ ಅಂತಲೇ ಬರೆದಿರಬೇಕು. ಬಲ ಬಂದದ್ದೂ ಹೌದು. ಆದರೆ ಆ ಬಲ ಬಂದದ್ದು ಆಕೆಯ ಸ್ವಂತ ದನಿಯನ್ನು ತೆಗೆದುಹಾಕಿ. ಇದು ಹಳೆಯ ಕಾಲದ ಕತೆ ಅಂತ ಸುಮ್ನೆ ಪಕ್ಕಕ್ಕಿಡುವ ಹಾಗಿಲ್ಲ. ಮನವಿ ಪತ್ರ ಬರೆಯುವವರು ದಿನಾ ಮಾಡುವುದು ಹೆಚ್ಚುಕಮ್ಮಿ ಇದನ್ನೇ. ಯಾರೋ ಒಬ್ಬರು ತಮ್ಮ ಕಷ್ಟವನ್ನು ಎರಡು ಮಾತಲ್ಲಿ ಹೇಳುತ್ತಾರೆ. ಅದು ಸಪ್ಪೆಯಾಗಿದೆ ಅಂತ ನಾವು ಅದಕ್ಕೆ ಕಣ್ಣೀರು ಸೇರಿಸುತ್ತೇವೆ. ಅದನ್ನು ತಿರುಗಿ ಅವರಿಗೇ ಓದಿ ಹೇಳುವವರು ಎಷ್ಟು ಜನ?

ಅಂಗವಿಕಲರ ಹಕ್ಕುಗಳ ಚಳವಳಿಯಲ್ಲಿ ಈ ಪ್ರಶ್ನೆ ಜೋರಾಗಿಯೇ ಸಿಡಿಯಿತು. 1980ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ರಿಹ್ಯಾಬಿಲಿಟೇಷನ್ ಇಂಟರ್‌ನ್ಯಾಷನಲ್ ಸಂಸ್ಥೆಯ ಜಾಗತಿಕ ಸಮ್ಮೇಳನ ನಡೆಯಿತು. ಅಂಗವಿಕಲರಿಗಾಗಿ ಕೆಲಸ ಮಾಡುವ ಸಂಸ್ಥೆ ಅದು. ಡಾಕ್ಟರುಗಳು, ಪುನರ್ವಸತಿ ತಜ್ಞರು, ಅಧಿಕಾರಿಗಳು ತುಂಬಿದ್ದರು. ಬಂದಿದ್ದ ಅಂಗವಿಕಲರು ಒಂದು ಬೇಡಿಕೆ ಇಟ್ಟರು. ಸಂಸ್ಥೆಯ ಪ್ರತಿನಿಧಿಗಳಲ್ಲಿ ಅರ್ಧದಷ್ಟು ಜನ ಅಂಗವಿಕಲರೇ ಇರಬೇಕು ಅಂತ. ಬೇಡಿಕೆ ಬಿದ್ದುಹೋಯಿತು. ಅವರು ಹೊರಗೆ ಬಂದು ತಮ್ಮದೇ ಸಂಘಟನೆ ಕಟ್ಟಲು ತೀರ್ಮಾನಿಸಿದರು. ಮರುವರ್ಷ, 1981ರಲ್ಲಿ, ಸಿಂಗಪುರದಲ್ಲಿ ಡಿಸೇಬಲ್ಡ್ ಪೀಪಲ್ಸ್ ಇಂಟರ್‌ನ್ಯಾಷನಲ್ ತನ್ನ ಮೊದಲ ಸಮ್ಮೇಳನ ನಡೆಸಿತು. 'ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನೂ ಬೇಡ' ಅನ್ನುವ ಘೋಷಣೆ ಮುಂದೆ ಇಡೀ ಚಳವಳಿಯದಾಯಿತು. 2006ರಲ್ಲಿ ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಒಪ್ಪಿದಾಗ ಅದರ ಕರಡು ಬರೆಯುವಾಗಲೇ ಅಂಗವಿಕಲರ ಸಂಘಟನೆಗಳು ಮೇಜಿನ ಸುತ್ತ ಕೂತಿದ್ದವು. ಅದರ 4ನೇ ಕಲಂ, ಅಂಗವಿಕಲರಿಗೆ ಸಂಬಂಧಪಟ್ಟ ಕಾನೂನು ಮಾಡುವಾಗ ಸರ್ಕಾರಗಳು ಅವರ ಸಂಘಟನೆಗಳನ್ನು ಕೇಳಲೇಬೇಕು ಅನ್ನುತ್ತದೆ. ಕೇಳುವುದು ದೊಡ್ಡವರ ಔದಾರ್ಯವಾಗಿ ಉಳಿಯದೆ ಕಾನೂನಿನ ಮಾತಾಯಿತು. ವಿನ್ನಿಪೆಗ್‌ನಿಂದ ಅಲ್ಲಿಗೆ ಬರಲು ಇಪ್ಪತ್ತಾರು ವರ್ಷ ಬೇಕಾಯಿತು.

ನಾನು ಹತ್ತಿರದಿಂದ ನೋಡಿದ ಒಂದು ಸಭೆಯ ವಿಷಯ ಹೇಳುತ್ತೇನೆ. ಬೌದ್ಧಿಕ ಅಂಗವೈಕಲ್ಯ ಇರುವ ಯುವಕ ಯುವತಿಯರು ಇರುವ ವಸತಿ ಕೇಂದ್ರಗಳ ಸುಧಾರಣೆ ಬಗ್ಗೆ ಒಂದು ಮನವಿ ಪತ್ರ ತಯಾರಾಗುತ್ತಿತ್ತು. ಸಭೆಯಲ್ಲಿ ಹೆಚ್ಚಿನವರು ತಂದೆ ತಾಯಂದಿರು, ಉಳಿದವರು ನಮ್ಮಂಥ ಕಾರ್ಯಕರ್ತರು. ಕೇಂದ್ರದಲ್ಲಿ ಇರುವ ಇಬ್ಬರು ಮೂವರು ಹುಡುಗರನ್ನೂ ಕರೆತಂದಿದ್ದರು. ಕರಡು ಚೆನ್ನಾಗಿತ್ತು. ರಾತ್ರಿ ನೋಡಿಕೊಳ್ಳುವವರ ಸಂಖ್ಯೆ ಹೆಚ್ಚಿಸಬೇಕು, ಡಾಕ್ಟರು ವಾರಕ್ಕೊಮ್ಮೆ ಬರಬೇಕು, ಕ್ಯಾಮೆರಾ ಹಾಕಬೇಕು, ಹೀಗೆ. ಎಲ್ಲ ಸುರಕ್ಷತೆಯ ಮಾತು.

ಕೊನೆಯಲ್ಲಿ ಅಧ್ಯಕ್ಷರು ಒಬ್ಬ ಹುಡುಗನ ಕಡೆ ತಿರುಗಿ, 'ನೀನೂ ಏನಾದ್ರೂ ಹೇಳಪ್ಪ' ಅಂದರು. ಅಷ್ಟು ಹೊತ್ತಿಗೆ ಕೆಲವರು ಬ್ಯಾಗು ಎತ್ತಿಕೊಂಡಾಗಿತ್ತು. ಹುಡುಗ ಶುರು ಮಾಡಿದ. ಅವನಿಗೆ ಮಾತು ಬರುವುದು ನಿಧಾನ. ಒಂದು ಪದ ಆದ ಮೇಲೆ ಇನ್ನೊಂದಕ್ಕೆ ಕಾಯಬೇಕು. ಅವನು 'ರೂಮು' ಅಂದ. ಯಾರೋ 'ರೂಮು ಚಿಕ್ಕದಾಯ್ತಾ?' ಅಂದರು. ಇನ್ನೊಬ್ಬರು 'ಫ್ಯಾನ್ ಇಲ್ಲ ಅಂತಾನೆ' ಅಂದರು. ಅವನ ಅಮ್ಮ 'ಅವನಿಗೆ ಸುಸ್ತಾಗಿದೆ, ಬಿಡಿ' ಅಂದರು. ಮೂಲೆಯಲ್ಲಿ ಕೂತಿದ್ದ ಒಬ್ಬ ವಯಸ್ಸಾದ ಹೆಂಗಸು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಅವರು ಬೇರೇನೂ ಮಾಡಲಿಲ್ಲ. ಹುಡುಗನ ಮುಖ ನೋಡುತ್ತಾ ಕೂತರು. ನಮಗೆಲ್ಲ ಕಸಿವಿಸಿ ಆಗುವಷ್ಟು ಹೊತ್ತು ಹೋಯಿತು. ಆಮೇಲೆ ಅವನು ಹೇಳಿದ: 'ರೂಮಿನ ಬೀಗದ ಕೈ ನನ್ನ ಹತ್ರ ಇರಬೇಕು.'

ಪಟ್ಟಿಯಲ್ಲಿ ಬೀಗದ ಕೈ ಇರಲಿಲ್ಲ. ಪಟ್ಟಿಯ ತುಂಬಾ ಇದ್ದದ್ದು ಅವನನ್ನು ಕಾಯುವ ಉಪಾಯಗಳು. ಅವನು ಕೇಳಿದ್ದು ಬಾಗಿಲು ಹಾಕಿಕೊಳ್ಳುವ ಹಕ್ಕು. ಕ್ಯಾಮೆರಾ ಬೇಡಿಕೆಗೂ ಇದಕ್ಕೂ ನೇರ ತಿಕ್ಕಾಟ. 'ಮನವಿ ಪತ್ರದಲ್ಲಿ ಬೀಗದ ಕೈ ಬಗ್ಗೆ ಎಲ್ಲ ಬರೆಯೋಕಾಗುತ್ತಾ' ಅಂತ ಒಬ್ಬರು ಕೇಳಿದರು. ತುಂಬಾ ಚರ್ಚೆಯಾಗಿ ಕೊನೆಗೆ ಅದು ಸೇರಿತು, ಕ್ಯಾಮೆರಾ ಬೇಡಿಕೆಗೆ 'ಮಲಗುವ ಕೋಣೆ ಬಿಟ್ಟು' ಅನ್ನುವ ಸಾಲು ಬಂತು. ತಂದೆ ತಾಯಂದಿರ ಭಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. ರಾತ್ರಿ ಮೂರ್ಛೆ ಬಂದರೆ, ಬಾಗಿಲು ಒಳಗಿಂದ ಹಾಕಿದ್ದರೆ ಅನ್ನುವ ಚಿಂತೆ ನಿಜವಾದದ್ದೇ. ಆದರೆ ಆ ಭಯ ಮಗನದಲ್ಲ, ಅವರದು. ಎರಡೂ ಬೇಡಿಕೆಯಾಗಿ ಬರಲಿ, ಯಾವುದು ಯಾರದು ಅಂತ ಗೊತ್ತಿರಲಿ.

ಹೀಗೆ ಕೇಳಿಸಿಕೊಳ್ಳುವುದಕ್ಕೆ ಒಳ್ಳೆಯ ಮನಸ್ಸಿದ್ದರೆ ಸಾಲದು, ಸಭೆ ನಡೆಸುವ ರೀತಿಯೂ ಬದಲಾಗಬೇಕು. ಮೊದಲು ಯಾರು ಮಾತಾಡುತ್ತಾರೆ ಅನ್ನುವುದೇ ಅರ್ಧ ತೀರ್ಮಾನ. ಮುಖಂಡರು ಮೊದಲು ಮಾತಾಡಿದರೆ ಉಳಿದವರು ಅದಕ್ಕೆ ಹೌದು ಅನ್ನುತ್ತಾರೆ, ಇಲ್ಲ ಅನ್ನಬೇಕಾದವರು ಸುಮ್ಮನಾಗುತ್ತಾರೆ. ಕ್ರೈಸ್ತರಲ್ಲಿ ಒಂದು ಪಂಗಡವಾದ ಕ್ವೇಕರ್ ಪಂಥದವರ ಸಭೆಗಳಲ್ಲಿ ಮತ ಹಾಕುವ ಪದ್ಧತಿ ಇಲ್ಲ. ಎಲ್ಲರ ಮಾತು ಕೇಳಿ ಸಭೆ ಎತ್ತ ಸಾಗುತ್ತಿದೆ ಅಂತ ಗುಮಾಸ್ತರ ಜಾಗದಲ್ಲಿರುವವರು ಗುರುತಿಸಿ, ನಡಾವಳಿ ಬರೆದು, ಅಲ್ಲೇ ಓದಿ ಹೇಳುತ್ತಾರೆ. 'ನಾನು ಹೇಳಿದ್ದು ಇದಲ್ಲ' ಅಂತ ಯಾರಾದರೂ ಅಂದರೆ ತಿದ್ದುತ್ತಾರೆ. ನಿಧಾನ, ಹೌದು. ಅಮೆರಿಕದ ಫಿಲಡೆಲ್ಫಿಯಾದ ಕ್ವೇಕರರು ತಮ್ಮ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳುವುದನ್ನು ಪೂರ್ತಿ ನಿಷೇಧಿಸಿದ್ದು 1776ರಲ್ಲಿ. ಮಾತುಕತೆ ಅದಕ್ಕಿಂತ ಎಷ್ಟೋ ದಶಕ ಮೊದಲು ಶುರುವಾಗಿತ್ತು. ಆ ದಶಕಗಳ ಬೆಲೆ ಕೊಟ್ಟವರು ಗುಲಾಮರು ಅನ್ನುವುದನ್ನು ಮರೆಯಬಾರದು. ಹಾಗಾಗಿ ನಿಧಾನವನ್ನು ನಾನು ಹಾಗೇ ಹೊಗಳಲಾರೆ. ನಡಾವಳಿ ಓದಿ ಹೇಳುವ ಅಭ್ಯಾಸವನ್ನು ಮಾತ್ರ ಯಾವ ಸಂಘಟನೆಯೂ ನಾಳೆಯಿಂದಲೇ ಶುರು ಮಾಡಬಹುದು.

ಕೇಳಿಸಿಕೊಂಡು ದಾರಿಯನ್ನೇ ಬದಲಿಸಿದವರಲ್ಲಿ ನನಗೆ ಅಚ್ಚುಮೆಚ್ಚು ಬಾಬ್ ಮೋಸೆಸ್. 1960ರಲ್ಲಿ ಅಮೆರಿಕದ ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಅಂತಿದ್ದ ಊಟದ ಕಟ್ಟೆಗಳಲ್ಲಿ ಕೂತು ಪ್ರತಿಭಟನೆ ಮಾಡುತ್ತಿದ್ದರು. ಅದೇ ವರ್ಷ ಏಪ್ರಿಲ್‌ನಲ್ಲಿ ಎಲ್ಲಾ ಬೇಕರ್ (Ella Baker) ಅನ್ನುವ ಹಿರಿಯ ಹೋರಾಟಗಾರ್ತಿ ಆ ವಿದ್ಯಾರ್ಥಿಗಳನ್ನು ಒಟ್ಟಿಗೆ ಕರೆದು, ಹಿರಿಯ ಮುಖಂಡರ ಬಾಲ ಆಗಬೇಡಿ, ನಿಮ್ಮ ಸಂಘಟನೆಯನ್ನು ನೀವೇ ನಡೆಸಿ ಅಂತ ಬೆನ್ನು ತಟ್ಟಿದ್ದರು. ಎಸ್‌ಎನ್‌ಸಿಸಿ ಅನ್ನುವ ವಿದ್ಯಾರ್ಥಿ ಸಂಘಟನೆ ಹುಟ್ಟಿದ್ದು ಹಾಗೆ. ಬೇಕರ್ ಕೊಟ್ಟ ಹೆಸರುಗಳನ್ನು ಹಿಡಿದುಕೊಂಡು ಮೋಸೆಸ್ ಅನ್ನುವ ನ್ಯೂಯಾರ್ಕಿನ ಗಣಿತದ ಮೇಷ್ಟ್ರು ಮಿಸಿಸಿಪ್ಪಿಗೆ ಹೋದರು. ಅಲ್ಲಿ ಏಮ್ಜಿ ಮೂರ್ ಅನ್ನುವ ಸ್ಥಳೀಯ ಮುಖಂಡರು ಸಿಕ್ಕರು. ಊಟದ ಕಟ್ಟೆಯಲ್ಲಿ ಕೂರುವುದರ ಬಗ್ಗೆ ಮೂರ್ ಅವರಿಗೆ ಅಷ್ಟೇನೂ ಆಸಕ್ತಿ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಮತದಾರರ ನೋಂದಣಿ. ದೇಶದ ಪತ್ರಿಕೆಗಳೆಲ್ಲ ಊಟದ ಕಟ್ಟೆಯ ಸುದ್ದಿ ಬರೆಯುತ್ತಿದ್ದಾಗ ಬಂದ ಮಾತು ಇದು. ಮೋಸೆಸ್ ಅದನ್ನು ಕೇಳಿಸಿಕೊಂಡರು. 1961ರಲ್ಲಿ ತಿರುಗಿ ಬಂದು ನೋಂದಣಿ ಕೆಲಸ ಹಿಡಿದರು, ಹೊಡೆಸಿಕೊಂಡರು, ಜೈಲಿಗೂ ಹೋದರು. ಮತದಾನ ಹಕ್ಕು ಕಾಯ್ದೆ ಬರುವ ಮುಂಚೆ ಮಿಸಿಸಿಪ್ಪಿಯಲ್ಲಿ ಮತದಾನದ ವಯಸ್ಸಿನ ಕಪ್ಪು ಜನರಲ್ಲಿ ನೋಂದಣಿ ಆಗಿದ್ದವರು ಶೇ. 6.7 ಮಾತ್ರ. 1965ರಲ್ಲಿ ಕಾಯ್ದೆ ಬಂತು. 1967ರ ಹೊತ್ತಿಗೆ ಅದು ಶೇ. 59.8 ಆಯಿತು.

ಮೋಸೆಸ್ ಸಭೆಗಳಲ್ಲಿ ಹಿಂದೆ ಕೂರುತ್ತಿದ್ದರು, ಮೆಲ್ಲಗೆ ಮಾತಾಡುತ್ತಿದ್ದರು. ಆದರೂ ಅವರ ಹೆಸರು ದೊಡ್ಡದಾಗುತ್ತಾ ಹೋಯಿತು. ಎಲ್ಲರೂ ಅವರ ಬಾಯಿಯನ್ನೇ ನೋಡಲು ಶುರು ಮಾಡಿದರು. 1965ರ ಸುಮಾರಿಗೆ ಅವರು ಮೋಸೆಸ್ ಅನ್ನುವ ಹೆಸರನ್ನೇ ಬಿಟ್ಟು, ತಮ್ಮ ಮಧ್ಯದ ಹೆಸರಾದ ಪ್ಯಾರಿಸ್ ಇಟ್ಟುಕೊಂಡರು. ಇದು ಸ್ವಲ್ಪ ಅತಿಯಾಯಿತು ಅಂತ ಅನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತದೆ. ಮೆಲ್ಲಗೆ ಮಾತಾಡಿದ ಮಾತ್ರಕ್ಕೆ ಅಧಿಕಾರ ಕಮ್ಮಿಯಾಗುವುದಿಲ್ಲ ಅನ್ನುವುದು ಅವರಿಗೆ ಅರ್ಥವಾಗಿತ್ತು ಅನ್ನುವುದಂತೂ ನಿಜ.

ಇಲ್ಲಿ ಒಂದು ತಕರಾರು ಬಂದೇ ಬರುತ್ತದೆ. ಕಷ್ಟದಲ್ಲಿರುವವರನ್ನು ಕೇಳಬೇಕು, ಸರಿ. ಅವರಲ್ಲೇ ಒಮ್ಮತ ಇಲ್ಲದಿದ್ದರೆ? ಅಮೆರಿಕದ ಏಡ್ಸ್ ಚಳವಳಿಯಲ್ಲಿ ಆದದ್ದು ಇದೇ. 1983ರಲ್ಲಿ ಡೆನ್ವರ್‌ನಲ್ಲಿ ಏಡ್ಸ್ ಇರುವ ಕೆಲವರು ವೇದಿಕೆ ಹತ್ತಿ, ನಮ್ಮನ್ನು ಬಲಿಪಶುಗಳು ಅನ್ನಬೇಡಿ, ನಮ್ಮ ಬಗ್ಗೆ ತೀರ್ಮಾನ ಮಾಡುವ ಮಂಡಳಿಗಳಲ್ಲಿ ನಮ್ಮನ್ನೂ ಕೂರಿಸಿ ಅಂತ ಘೋಷಿಸಿದರು. 1987ರಲ್ಲಿ ನ್ಯೂಯಾರ್ಕಿನಲ್ಲಿ ಆಕ್ಟ್ ಅಪ್ ಅನ್ನುವ ಏಡ್ಸ್ ಹೋರಾಟದ ಸಂಘಟನೆ ಹುಟ್ಟಿತು. ಔಷಧಿಗಳನ್ನು ಬೇಗ ಜನರ ಕೈಗೆ ಕೊಡಿ ಅನ್ನುವುದು ಅವರ ದೊಡ್ಡ ಕೂಗು. ಜನ ಸಾಯುತ್ತಿದ್ದರು, ಪರೀಕ್ಷೆ ಮುಗಿಯುವವರೆಗೆ ಕಾಯಲು ಪುರುಸೊತ್ತು ಇರಲಿಲ್ಲ. ಆ ಚಳವಳಿಯ ಕೆಲವರು ವೈರಾಣು ಶಾಸ್ತ್ರ, ಅಂಕಿಅಂಶ ಎಲ್ಲವನ್ನೂ ಸ್ವಂತ ಓದಿ ಕಲಿತು ವಿಜ್ಞಾನಿಗಳ ಎದುರು ಸಮನಾಗಿ ಕೂತರು. 1992ರಲ್ಲಿ ಅವರಲ್ಲೊಂದು ಗುಂಪು ಟ್ರೀಟ್‌ಮೆಂಟ್ ಆ್ಯಕ್ಷನ್ ಗ್ರೂಪ್ ಅಂತ ಬೇರೆಯಾಯಿತು.

1993ರಲ್ಲಿ ಕಾಂಕಾರ್ಡ್ ಅನ್ನುವ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ರೋಗಲಕ್ಷಣ ಕಾಣುವ ಮೊದಲೇ ಎಝಡ್‌ಟಿ ಅನ್ನುವ ಏಡ್ಸ್ ಔಷಧಿ ಶುರು ಮಾಡಿದವರು ತಡವಾಗಿ ಶುರು ಮಾಡಿದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಬೇಗ ಕೊಡಿ ಅಂತ ಕೂಗಿದ್ದವರಿಗೆ ಇದು ಗಂಟಲಲ್ಲಿ ಇಳಿಯದ ಸುದ್ದಿ. ಆದರೂ ಟ್ರೀಟ್‌ಮೆಂಟ್ ಆ್ಯಕ್ಷನ್ ಗ್ರೂಪ್ 1994ರಲ್ಲಿ ಸ್ಯಾಕ್ವಿನಾವಿರ್ ಅನ್ನುವ ಹೊಸ ಔಷಧಿಗೆ ಆತುರದ ಅನುಮತಿ ಕೊಡಬೇಡಿ, ಮೊದಲು ದೊಡ್ಡ ಪ್ರಯೋಗ ಮಾಡಿ ಅಂತ ಅಮೆರಿಕದ ಔಷಧ ನಿಯಂತ್ರಕರನ್ನು ಕೇಳಿತು. ಬೇರೆ ಏಡ್ಸ್ ಸಂಘಟನೆಗಳು ಉರಿದುಬಿದ್ದವು. ಕೊನೆಗೆ 1995ರಲ್ಲಿ ಆತುರದ ಅನುಮತಿಯೇ ಸಿಕ್ಕಿತು. ಆ ವಿವಾದದಲ್ಲಿ ಯಾರು ಸರಿ ಅಂತ ತೀರ್ಪು ಕೊಡುವುದು ನನ್ನ ಕೆಲಸ ಅಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ತಮ್ಮನ್ನು ಹೆಸರುವಾಸಿ ಮಾಡಿದ ಘೋಷಣೆಯನ್ನೇ ಮತ್ತೆ ಪ್ರಶ್ನಿಸುವ ಗಟ್ಟಿತನ ಅವರಿಗಿತ್ತು. ಸಂಘಟನೆಗೆ ತನ್ನ ಹಳೆಯ ಘೋಷಣೆಗಿಂತ ದೊಡ್ಡ ಮುಖಂಡ ಇರುವುದಿಲ್ಲ. ಅದರ ಎದುರು ಮಾತಾಡುವುದು ಅಧ್ಯಕ್ಷರ ಎದುರು ಮಾತಾಡುವುದಕ್ಕಿಂತ ಕಷ್ಟ.

ಎದುರಾಳಿಗಳ ಮಾತು ಕೇಳುವುದು ಇನ್ನೊಂದು ವಿಷಯ, ಅದನ್ನು ಚಿಕ್ಕದಾಗಿ ಹೇಳುತ್ತೇನೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಸಲಿಂಗ ವಿವಾಹದ ವಿರುದ್ಧ ಮತ ಹಾಕಿದ ಮೇಲೆ, ಲಾಸ್ ಏಂಜಲೀಸ್‌ನ ಕಾರ್ಯಕರ್ತರು ತಮ್ಮ ವಿರುದ್ಧ ಮತ ಹಾಕಿದವರ ಮನೆ ಬಾಗಿಲಿಗೇ ಹೋಗಿ, ಯಾಕೆ ಹಾಗೆ ಮಾಡಿದಿರಿ ಅಂತ ಕೇಳಲು ಶುರು ಮಾಡಿದರು. ವಾದ ಮಾಡಲಿಲ್ಲ, ಅವರ ಕತೆ ಕೇಳಿದರು, ತಮ್ಮದನ್ನು ಹೇಳಿದರು. ಈ ವಿಧಾನದ ಬಗ್ಗೆ 2014ರಲ್ಲಿ ಬಂದ ಒಂದು ಅಧ್ಯಯನ ದೊಡ್ಡ ಸುದ್ದಿಯಾಗಿ, ಮರುವರ್ಷ ಅದರ ಅಂಕಿಅಂಶ ನಂಬುವಂತಿಲ್ಲ ಅಂತ ವಾಪಸ್ ಪಡೆಯಲಾಯಿತು. ಆ ಮೋಸವನ್ನು ಬಯಲು ಮಾಡಿದವರಲ್ಲಿ ಇಬ್ಬರು, ಬ್ರೂಕ್‌ಮನ್ ಮತ್ತು ಕಲ್ಲಾ, ತಾವೇ ಸರಿಯಾಗಿ ಪರೀಕ್ಷೆ ಮಾಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಹತ್ತು ನಿಮಿಷದ ಅಂಥ ಮಾತುಕತೆಯಿಂದ ಲಿಂಗತ್ವ ಅಲ್ಪಸಂಖ್ಯಾತರ ಬಗ್ಗೆ ಜನರಿಗಿದ್ದ ಪೂರ್ವಗ್ರಹ ಕಮ್ಮಿಯಾಗಿತ್ತು. ಪರಿಣಾಮ ಕನಿಷ್ಠ ಮೂರು ತಿಂಗಳು ಉಳಿದಿತ್ತು. ಹಾಗಂತ ತಮ್ಮನ್ನು ದ್ವೇಷಿಸುವವರ ಕತೆಯನ್ನು ತಾಳ್ಮೆಯಿಂದ ಕೇಳಿ ಅಂತ ಪೆಟ್ಟು ತಿಂದವರಿಗೇ ಹೇಳುವುದು ಸರಿಯಲ್ಲ. ಆ ಕೆಲಸ ಮಾಡಲು ಮನಸ್ಸಿದ್ದವರು ಮಾಡಲಿ.

ಇದರಿಂದಲೇ ವಿನಯದ ಬಗ್ಗೆ ನನಗಿರುವ ದೊಡ್ಡ ಅನುಮಾನ ಹುಟ್ಟುವುದು. ವಿನಯ ಇರಲಿ ಅನ್ನುವ ಉಪದೇಶ ಸಾಮಾನ್ಯವಾಗಿ ಮೈಕ್ ಹಿಡಿದವರಿಗೆ ಸಿಗುವುದಿಲ್ಲ. ಮೈಕ್ ಕೇಳುವವರಿಗೆ ಸಿಗುತ್ತದೆ. ಈಗ ಒಗ್ಗಟ್ಟು ಮುಖ್ಯ, ನಿಮ್ಮ ವಿಷಯ ಆಮೇಲೆ ನೋಡೋಣ, ಸ್ವಲ್ಪ ಹೊಂದಿಕೊಳ್ಳಿ ಅನ್ನುತ್ತಾರೆ.

1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ನಡೆದ ನಾಗರಿಕ ಹಕ್ಕುಗಳ ಮಹಾ ಮೆರವಣಿಗೆಯನ್ನೇ ತೆಗೆದುಕೊಳ್ಳಿ. ಸುಮಾರು ಎರಡೂವರೆ ಲಕ್ಷ ಜನ ಸೇರಿದ್ದರು. ಅದರ ಸಂಘಟನಾ ಸಮಿತಿಯಲ್ಲಿದ್ದ ಏಕೈಕ ಹೆಂಗಸು ಆ್ಯನಾ ಆರ್ನಾಲ್ಡ್ ಹೆಡ್ಜ್‌ಮನ್. ಮುಖ್ಯ ಭಾಷಣಕಾರರ ಪಟ್ಟಿಯಲ್ಲಿ ಒಬ್ಬ ಹೆಂಗಸೂ ಇಲ್ಲ ಅಂತ ಅವರು ಮುಖಂಡರಿಗೆ ಪತ್ರ ಬರೆದರು, ಸಭೆಯಲ್ಲಿ ಓದಿಯೂ ಹೇಳಿದರು. ಒಬ್ಬರನ್ನು ಆರಿಸಿದರೆ ಬೇರೆ ಹೆಂಗಸರಿಗೆ ಬೇಜಾರಾಗುತ್ತದೆ ಅನ್ನುವ ಸಬೂಬು ಬಂತು. ಕೊನೆಗೆ ಮಹಿಳಾ ಹೋರಾಟಗಾರರಿಗೆ ಗೌರವ ಸಲ್ಲಿಸುವ ಚಿಕ್ಕ ಕಾರ್ಯಕ್ರಮ ಸೇರಿಸಿದರು. 1957ರಲ್ಲಿ ಲಿಟಲ್ ರಾಕ್‌ನಲ್ಲಿ ಕಪ್ಪು ಮಕ್ಕಳನ್ನು ಬಿಳಿಯರ ಶಾಲೆಗೆ ಸೇರಿಸುವ ಹೋರಾಟ ನಡೆಸಿದ್ದ ಡೇಸಿ ಬೇಟ್ಸ್ ಅಲ್ಲಿ ಕೆಲವೇ ಸಾಲು ಮಾತಾಡಿದರು. ಮೆರವಣಿಗೆ ಮುಗಿದ ಮೇಲೆ ಅಧ್ಯಕ್ಷ ಕೆನಡಿಯನ್ನು ಭೇಟಿಯಾಗಲು ಹೋದ ಮುಖಂಡರ ನಿಯೋಗದಲ್ಲಿ ಹೆಂಗಸರು ಇರಲಿಲ್ಲ.

ಮರುದಿನ ಕಪ್ಪು ಮಹಿಳೆಯರ ರಾಷ್ಟ್ರೀಯ ಮಂಡಳಿಯ ಅಧ್ಯಕ್ಷೆ ಡೊರೊಥಿ ಹೈಟ್ ವಾಷಿಂಗ್ಟನ್‌ನಲ್ಲೇ ಹೆಂಗಸರನ್ನು ಸೇರಿಸಿ ಬೇರೆ ಸಭೆ ಕರೆದರು. ಮೆರವಣಿಗೆ ಆಯಿತು, ಮುಂದೇನು ಅನ್ನುವುದೇ ಅಲ್ಲಿಯ ವಿಷಯ. ಇಡೀ ಜಗತ್ತು ಹಿಂದಿನ ದಿನದ ಭಾಷಣಗಳನ್ನು ಕೊಂಡಾಡುತ್ತಿತ್ತು. ಹೈಟ್ ಮತ್ತು ಅವರ ಗೆಳತಿಯರು ಯಾರ ಅಪ್ಪಣೆಗೂ ಕಾಯದೆ ತಮ್ಮ ಬೇಡಿಕೆಗಳ ಮಾತು ಶುರು ಮಾಡಿದ್ದರು.